ಕಪ್ತಾನನ ತಮ್ಮ

ಆ ಆಕಾಶಹಡಗಿನ ಸಿನಿಮಾಗಳ ಸಾಲಿನಲ್ಲಿ ಮತ್ತೊಂದು ಬರುತ್ತದಂತೆ. ಮೊನ್ನೆ ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗರು ಮೊಬೈಲಿನಲ್ಲಿ ಅದರ ತುಣುಕು ನೋಡುತ್ತ ಕಚ್ಚಾಡುತ್ತಿದ್ದರು. ಹಳೆಯವೇ ಖರೆ ಸಿನಿಮಾ ಎಂದು ಒಬ್ಬನ ವಾದ, ಆಮೇಲೆ ತೆಗೆದ ಹಿಂದಿನ ಕಥೆ ತಿಳಿಯದೆ ಹಳೆಯವಕ್ಕೆ ಅರ್ಥವೇ ಇಲ್ಲ ಎಂದು ಇನ್ನೊಬ್ಬನದು. ಎದ್ದು ಹೋಗಿ ಆ ಮೊಬೈಲು ಕಸಿದು ಚರಂಡಿಗೆ ಎಸೆಯಬೇಕು ಅನಿಸಿತು. ಮೊಮ್ಮಕ್ಕಳನ್ನು ಕಂಡ ಹೆಂಗಸು ನಾನು, ಹಾಗೆಲ್ಲ ಮಾಡಲಾಗುವುದಿಲ್ಲ, ಸುಮ್ಮನೆ ಕುಳಿತೆ. ಒಂದು ಸಿನಿಮಾದ ಮೇಲೆ ಯಾರಾದರೂ ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಬಹುದು. ನಾನು ಇಟ್ಟುಕೊಂಡಿದ್ದೇನೆ.

ನನ್ನ ತವರು ಬೆಟಗೇರಿ. ನಾವು ಪಿಂಜಾರರು. ಹತ್ತಿ ಹಿಂಜುವುದು, ಗಾದಿ, ತಲೆದಿಂಬು ಹೊಲಿಯುವುದು ಅಜ್ಜನ ಕಾಲದಿಂದ ಬಂದ ಕೆಲಸ. ಪಡಸಾಲೆಯ ಜಂತಿಗೆ ಹಿಂಜುವ ಬಿಲ್ಲು ತೂಗುಹಾಕಿರುತ್ತಿತ್ತು. ಅದರ ನರದ ಹುರಿಗೆ ಮರದ ಗುಂಡಿನಿಂದ ಹೊಡೆದರೆ ಇಡೀ ಮನೆ ಝುಂ ಅನ್ನುತ್ತಿತ್ತು. ಆ ಸದ್ದಿನಲ್ಲೇ ಮಲಗಿ ಎದ್ದು ಬೆಳೆದವರು ನಾವು ಮೂವರು: ಅಣ್ಣ, ನಾನು, ತಮ್ಮ.

ನಮಾಜು ಕಲಿಯುವುದಕ್ಕೂ ಮೊದಲು ಅಪ್ಪ ನಮಗೆ ಕಲಿಸಿದ್ದು ಒಂದು ಪಾಠ. ಹತ್ತಿಗೆ ಕಿಡಿ ಬಿದ್ದರೆ ನೀರಿಗೆ ಓಡಬಾರದು, ಮೊದಲು ಬಾಗಿಲು ಹಾಕಬೇಕು. ಗಾಳಿ ಸಿಕ್ಕರೆ ಹತ್ತಿ ಕಣ್ಣುಮುಚ್ಚಿ ಬಿಡುವುದರೊಳಗೆ ಭಗ್ಗನೆ ಏಳುತ್ತದೆ, ಗಾಳಿ ಸಿಗದಿದ್ದರೆ ಒಳಗೊಳಗೇ ಹೊಗೆಯಾಡಿ ಸೋಲುತ್ತದೆ, ಅಕ್ಕಪಕ್ಕದ ಮನೆಗಳಾದರೂ ಉಳಿಯುತ್ತವೆ. ಅಪ್ಪ ಬೀಡಿ ಸೇದಲು ಅಂಗಳ ದಾಟಿ ಓಣಿಯ ಆಚೆ ತುದಿಗೆ ಹೋಗುತ್ತಿದ್ದ. ನಮ್ಮನ್ನು ಸಾಲಾಗಿ ನಿಲ್ಲಿಸಿ, "ಬೆಂಕಿ ಬಿತ್ತು, ಈಗೇನ್ ಮಾಡ್ತೀರಿ?" ಎಂದು ಇದ್ದಕ್ಕಿದ್ದಂತೆ ಕೂಗುತ್ತಿದ್ದ. ಮೂವರೂ ಬಿದ್ದೆದ್ದು ಓಡಿ ಬಾಗಿಲು ಹಾಕುತ್ತಿದ್ದೆವು. ಯಾವಾಗಲೂ ಅಣ್ಣನೇ ಮೊದಲು. ತಮ್ಮ ನಗುತ್ತ ನಗುತ್ತ ಹಿಂದೆ ಉಳಿಯುತ್ತಿದ್ದ.

ಅಪ್ಪ ತೀರಿದ ಮೇಲೆ ಅಣ್ಣತಮ್ಮ ಇಬ್ಬರೂ ಮುಂಬೈಗೆ ಹೋಗಿ ಒಂದು ಗಾದಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಎರಡು ಹಬ್ಬಕ್ಕೆ ಇಬ್ಬರೂ ಕೂಡಿ ಬಂದರು. ಮುಂದಿನ ಸಲ ಅಣ್ಣ ಒಬ್ಬನೇ ಬಂದ. ತಮ್ಮನಿಗೆ ಅರಬರ ದೇಶಕ್ಕೆ ಹೋಗುವ ಹಡಗಿನಲ್ಲಿ ಕೆಲಸ ಸಿಕ್ಕಿತು, ಹೇಳಿ ಹೋಗುವಷ್ಟೂ ಪುರಸೊತ್ತು ಕೊಡಲಿಲ್ಲ ಎಂದ. ಅವ್ವ ಅತ್ತಳು, ಬೈದಳು, ಆಮೇಲೆ ನಂಬಿದಳು. ನಾನೂ ನಂಬಿದೆ. ಮನೆಗೆ ಹೇಳದೆ ಹಡಗು ಹತ್ತುವ, ಹತ್ತಿದ ಮೇಲೆ ಕಾಗದ ಬರೆಯದ ಪೈಕಿಯೇ ಅವನು.

ಅಣ್ಣ ಮತ್ತೆ ಮುಂಬೈಗೆ ಹೋಗಲಿಲ್ಲ. ಪಡಸಾಲೆಯಲ್ಲಿ ಅಪ್ಪನ ಬಿಲ್ಲು ಹಿಡಿದು ಕುಳಿತ. ಒಂದು ಹೊಸ ಖಯಾಲಿ ಅವನಿಗೆ ಹತ್ತಿಕೊಂಡಿತ್ತು: ಬಾಗಿಲು ಹಾಕಗೊಡುತ್ತಿರಲಿಲ್ಲ. ಹತ್ತಿ ಹಿಂಜುವಾಗ ಬಾಗಿಲು ತೆರೆದಿದ್ದರೆ ಅರ್ಧ ಹತ್ತಿ ಹಾರಿ ಎದುರು ಮನೆಯವರ ರೊಟ್ಟಿ ಹಿಟ್ಟಿನಲ್ಲಿ ಬೀಳುತ್ತದೆ. "ಬಾಗಲಾ ಹಾಕೋ, ಓಣಿ ಮಂದಿಗೆಲ್ಲಾ ಪುಕ್ಕಟೆ ಗಾದಿ ಮಾಡಿ ಕೊಡಾಕ ಹತ್ತೀ ಏನು?" ಎಂದು ಅವ್ವ ಒದರುತ್ತಿದ್ದಳು. "ಸೆಕಿ ಆಗ್ತೈತಿ ಯವ್ವಾ," ಎನ್ನುತ್ತಿದ್ದ. ಚಳಿಗಾಲದಲ್ಲೂ ಅದೇ ಉತ್ತರ. ಅವ್ವ ಬಂದು ಬಾಗಿಲು ದೂಡಿದರೆ ಎದ್ದು ಹೋಗಿ ಮತ್ತೆ ತೆರೆಯುತ್ತಿದ್ದ.

ತಮ್ಮನ ಗಾದಿಯನ್ನು ಅವ್ವ ಸುರುಳಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದ್ದಳು. ಬಳಸದೆ ಇಟ್ಟ ಗಾದಿಯ ಹತ್ತಿ ಗಟ್ಟಿಯಾಗುತ್ತದೆ. ಆದ್ದರಿಂದ ಪ್ರತಿ ರಂಜಾನಿಗೆ ಮುಂಚೆ ಅದರ ಹೊಲಿಗೆ ಬಿಚ್ಚಿಸಿ, ಹತ್ತಿ ಹಿಂಜಿಸಿ, ಮತ್ತೆ ತುಂಬಿಸಿ, ತಾನೇ ಹೊಲಿಯುತ್ತಿದ್ದಳು. ಹಬ್ಬಕ್ಕೆ ಬಂದರೆ ಮೆತ್ತಗಿರಲಿ ಎಂದು. ಆ ಹತ್ತಿ ಹಿಂಜುವ ದಿನ ಅಣ್ಣ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ತಮ್ಮನ ಮೇಲಿನ ಸಿಟ್ಟಿಗೆ ಎಂದುಕೊಂಡಿದ್ದೆ.

ಇನ್ನು ಸಿನಿಮಾದ ವಿಷಯ. ನಮ್ಮ ಓಣಿಯಲ್ಲಿ ಕ್ಯಾಸೆಟ್ ಬಾಡಿಗೆಗೆ ಕೊಡುವವನೊಬ್ಬನಿದ್ದ. ಅವನ ಅಂಗಡಿ ಕೋಳಿಗೂಡಿನಷ್ಟು. ನಮ್ಮ ಪಡಸಾಲೆ ದೊಡ್ಡದು, ಕುಳಿತುಕೊಳ್ಳಲು ಹತ್ತಿಯ ಚೀಲಗಳಿದ್ದವು. ಹಾಗಾಗಿ ರವಿವಾರ ಮಧ್ಯಾಹ್ನ ಟಿವಿ, ವಿಸಿಆರ್ ಹೊತ್ತು ತಂದು ನಮ್ಮಲ್ಲೇ ಇಡುತ್ತಿದ್ದ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಬರುತ್ತಿದ್ದರು. ನಾನು ಒಳಬಾಗಿಲ ಪರದೆ ಸರಿಸಿ ನೋಡುತ್ತಿದ್ದೆ. ಅವ್ವ ಅಡುಗೆಮನೆಯಲ್ಲಿ ಕುಳಿತು ಬರೀ ಕೇಳುತ್ತಿದ್ದಳು.

ಹುಡುಗರಿಗೆ ಹುಚ್ಚು ಹಿಡಿಸಿದ್ದು ಆ ಆಕಾಶಹಡಗಿನ ಮೂರು ಸಿನಿಮಾಗಳು. ಮೂರೂ ಇಂಗ್ಲಿಷು. ಒಂದಕ್ಷರ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಣ್ಣ ಮುಂಬೈ ಕಂಡು ಬಂದವನಲ್ಲವೇ, ಅವನಿಗೆ ಇಂಗ್ಲಿಷ್ ಬಂದೇ ಬರಬೇಕು ಎಂದು ಇಡೀ ಓಣಿ ತೀರ್ಮಾನ ಮಾಡಿತ್ತು. ಅಣ್ಣ ಇಲ್ಲವೆನ್ನಲಿಲ್ಲ. ಟಿವಿಯ ಪಕ್ಕ ಚೀಲದ ಮೇಲೆ ಕುಳಿತು ಕಥೆ ಹೇಳುತ್ತಿದ್ದ. ಹಡಗು ಹಾರುವಾಗ ಬಿಲ್ಲಿನ ನರಕ್ಕೆ ಹೊಡೆದು ಝುಂ ಅನಿಸುತ್ತಿದ್ದ. ಮನೆಯಲ್ಲಿ ಒಂದು ಮಾತಿಗೆ ಒಂದು ಮಾತು ಲೆಕ್ಕ ಹಾಕಿ ಆಡುವ ಮನುಷ್ಯನ ನಾಲಿಗೆ ಅಲ್ಲಿ ಕುಳಿತರೆ ಕಟ್ಟು ಬಿಚ್ಚಿ ಓಡುತ್ತಿತ್ತು.

ಸಿನಿಮಾದಲ್ಲಿ ಒಬ್ಬ ಮುದುಕ ಕಪ್ತಾನ. ಮುರುಕು ಹಡಗು ತೆಗೆದುಕೊಂಡು ನಕ್ಷತ್ರಗಳ ನಡುವೆ ಅಲೆಯುತ್ತಾನೆ. ಅವನ ಕೋಣೆಯ ಗೋಡೆಗೆ ಅರ್ಧ ಸುಟ್ಟ ಒಂದು ಟೊಪ್ಪಿಗೆ ನೇತುಹಾಕಿರುತ್ತದೆ. ಪ್ರತಿ ಸಿನಿಮಾದಲ್ಲೂ ಒಂದು ಸಲ ಅದರ ಮುಂದೆ ನಿಂತು ಏನೋ ಹೇಳುತ್ತಾನೆ. ಏನು ಹೇಳಿದ ಎಂದು ಹುಡುಗರು ಕೇಳಿದಾಗ ಅಣ್ಣ ಆ ಟೊಪ್ಪಿಗೆಯಿಂದ ಕಣ್ಣು ಕೀಳದೆ, "ಅದು ಅವನ ತಮ್ಮನ ಟೊಪಗಿ. ತಮ್ಮ ಕಳದು ಹೋಗ್ಯಾನ. ಯಾವುದೋ ಒಂದು ಗ್ರಹದಾಗ ಜೀವಂತ ಅದಾನ. ಅವನ್ನ ಹುಡುಕಾಕನ ಈ ಹಡಗು ಹೊಂಟೈತಿ," ಎಂದ. ಅಲ್ಲಿಂದ ಮುಂದೆ ಆ ಮೂರೂ ಸಿನಿಮಾ ನಮ್ಮ ಬೆಟಗೇರಿಯಲ್ಲಿ ತಮ್ಮನನ್ನು ಹುಡುಕುವ ಕಥೆಯೇ ಆದವು. ಪರದೆಯ ಮೇಲೆ ಯಾರು ಯಾರನ್ನು ಕೊಂದರೂ, ಯಾವ ರಾಣಿ ಬಂದು ಅತ್ತರೂ, ಅಣ್ಣ ಎಲ್ಲವನ್ನೂ ಎಳೆದು ತಂದು ಆ ತಮ್ಮನಿಗೇ ಗಂಟು ಹಾಕುತ್ತಿದ್ದ.

ಸಿನಿಮಾ ಮುಗಿದ ಮೇಲೆ ಅವ್ವ ಒಳಗಿನಿಂದ ಕೇಳುತ್ತಿದ್ದಳು: "ಸಿಕ್ಕನೇನೋ ಆ ಹುಡುಗ?"

"ಇನ್ನೂ ಇಲ್ಲ ಯವ್ವಾ. ಸಿಗ್ತಾನ."

ಅವ್ವನ ಮುಖ ಆಗ ಹೇಗಾಗುತ್ತಿತ್ತು ಎಂದು ನೋಡಿದವಳು ನಾನೊಬ್ಬಳೇ. ರೊಟ್ಟಿ ಬಡಿಯುವ ಕೈಗೆ ಹೊಸ ಬಲ ಬರುತ್ತಿತ್ತು. ಸಂಜೆ ತಮ್ಮನ ಗಾದಿಯ ಮೇಲಿನ ಧೂಳು ಜಾಡಿಸುತ್ತಿದ್ದಳು.

ಹುಡುಗರಲ್ಲಿ ಎಲ್ಲರಿಗಿಂತ ಹೆಚ್ಚು ಹುಚ್ಚು ಹಿರೇಹಂದಿಗೋಳದಿಂದ ಕಾಲೇಜಿಗೆ ಬರುತ್ತಿದ್ದ ಒಬ್ಬನಿಗೆ. ಕಪ್ತಾನನ ಹಾಗೆ ಒಂದು ಭುಜ ಇಳಿಸಿ ನಡೆಯುತ್ತಿದ್ದ. ಅವನ ಅಪ್ಪ ಬಸ್ ಪಾಸು ತೆಗೆಸಿ ಕೊಟ್ಟದ್ದು ಕಾಲೇಜಿಗೆ, ಇವನು ಇಳಿಯುತ್ತಿದ್ದದ್ದು ನಮ್ಮ ಮನೆ ಮುಂದಿನ ಕಟ್ಟೆಗೆ.

ಗದಗ ಹೊಸ ಜಿಲ್ಲೆಯಾಗಿ ಕಚೇರಿ, ಅಂಗಡಿಗಳ ಬೋರ್ಡಿನಲ್ಲಿ ಧಾರವಾಡದ ಹೆಸರು ಅಳಿಸಿ ಬಣ್ಣ ಹೊಡೆಯುತ್ತಿದ್ದ ಕಾಲ. ಆಗ ಸುದ್ದಿ ಬಂತು: ಆಕಾಶಹಡಗಿನ ನಾಲ್ಕನೆಯ ಸಿನಿಮಾ ಬಂದಿದೆ, ಆದರೆ ಇದು ಮುಂದಿನ ಕಥೆಯಲ್ಲ, ಹಿಂದಿನದು. ಕಪ್ತಾನ ಹರೆಯದ ಹುಡುಗನಾಗಿದ್ದಾಗಿನದು. ಅದೂ ಹಿಂದಿಯಲ್ಲಿ ಮಾತಾಡಿಸಿದ್ದಾರೆ. ಗದಗಿನ ಟಾಕೀಸಿನ ಪೋಸ್ಟರಿನಲ್ಲಿ "ಹೊಸ ಜಿಲ್ಲೆಗೆ ಹೊಸ ಚಿತ್ರ" ಎಂದು ಬರೆಸಿದ್ದರು, ಜಿಲ್ಲೆ ಆದದ್ದೇ ಆ ಸಿನಿಮಾಕ್ಕಾಗಿ ಎಂಬಂತೆ. ಪೋಸ್ಟರಿನಲ್ಲಿ ಇಬ್ಬರು ಹುಡುಗರು ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. ಚಿಕ್ಕವನ ತಲೆಯ ಮೇಲೆ ಸುಡದ ಟೊಪ್ಪಿಗೆ.

ಕಟ್ಟೆಯ ಮೇಲೆ ಬೇರೆ ಮಾತೇ ಇಲ್ಲದಂತಾಯಿತು. "ಅಣ್ಣಾರ, ನೀವು ಹೇಳಿದ್ದು ಹೇಳಿದಂಗ ಐತಿ ನೋಡ್ರಿ! ತಮ್ಮ ಅದಾನ!" ಎಂದು ಹಿರೇಹಂದಿಗೋಳದವನು ಅಣ್ಣನ ಕೈ ಹಿಡಿದು ಕುಣಿದ. ಅವ್ವನ ಕಿವಿಗೂ ಅದು ಬಿತ್ತು. ಜೀವಮಾನದಲ್ಲಿ ಟಾಕೀಸಿನ ಮೆಟ್ಟಿಲು ತುಳಿಯದವಳು ಅಂದು ಪರದೆ ಸರಿಸಿ ಹೊರಗೆ ಬಂದಳು. "ಸಣ್ಣಾಂವನ್ನ ತೋರಸ್ತಾರಂತಲ್ಲ, ನಾನೂ ಬರ್ತೀನಿ. ಹಿಂದಿ ಇದ್ರ ನನಗೂ ತಿಳೀತೈತಿ," ಎಂದಳು.

"ನೀ ಯಾಕ ಬೇ, ಗದ್ದಲದಾಗ?" ಎಂದ ಅಣ್ಣ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಸುಳ್ಳು ಇಂಗ್ಲಿಷು ಬಯಲಾಗುವ ಹೆದರಿಕೆ ಎಂದುಕೊಂಡು ನಾನು ಒಳಗೇ ನಕ್ಕೆ.

ಸಿನಿಮಾ ಗದಗಿಗೆ ಬರುವವರೆಗೂ ತಡೆಯಲಾರದೆ ಹಿರೇಹಂದಿಗೋಳದವನು ಹುಬ್ಬಳ್ಳಿಗೆ ಹೋಗಿ ನೋಡಿ ಬಂದ. ಮರುದಿನ ಬಂದವನ ಮುಖ ಸತ್ತವರಿಗೆ ಮಣ್ಣು ಕೊಟ್ಟು ಬಂದವನ ಹಾಗಿತ್ತು. ಕಟ್ಟೆಯ ಮೇಲೆ ಕುಳಿತು ಚಪ್ಪಲಿಯಿಂದ ನೆಲ ಕೆರೆಯುತ್ತ, "ಎಲ್ಲಾ ಕೆಡಿಸಿಬಿಟ್ಟಾರ," ಎಂದ. ಅವ್ವ ಒಳಗಿದ್ದುದರಿಂದ ದನಿ ತಗ್ಗಿಸಿ ಹೇಳಿದ. ಹಡಗಿಗೆ ಬೆಂಕಿ ಬೀಳುತ್ತದೆ. ಉಳಿದವರನ್ನು ಉಳಿಸಲು ಕಪ್ತಾನ ತಾನೇ ಓಡಿ ಹೋಗಿ ಬೆಂಕಿ ಬಿದ್ದ ಕೋಣೆಯ ಬಾಗಿಲು ಹಾಕುತ್ತಾನೆ. ತಮ್ಮ ಒಳಗೇ ಇರುತ್ತಾನೆ. ಸುಟ್ಟ ಟೊಪ್ಪಿಗೆ ಆಮೇಲೆ ಸಿಗುತ್ತದೆ. ಅಷ್ಟೇ ಕಥೆ. ತಮ್ಮ ಎಲ್ಲೂ ಜೀವಂತ ಇಲ್ಲ.

ಒಬ್ಬ ಎದ್ದು ನಿಂತು ಸಿನಿಮಾ ಮಾಡಿದವರ ಅಪ್ಪ ಅಜ್ಜಂದಿರನ್ನೆಲ್ಲ ನೆನೆಸಿದ. ಇನ್ನೊಬ್ಬ, ಕಪ್ತಾನ ಅಂಥವನಲ್ಲ, ಇದು ಯಾರೋ ಬೇರೆಯವರು ಮಾಡಿದ ಖೊಟ್ಟಿ ಸಿನಿಮಾ ಎಂದ. ಕ್ಯಾಸೆಟ್ಟಿನವನು ಕೈ ಎತ್ತಿ ತೀರ್ಪು ಕೊಟ್ಟ: "ಅಮೇರಿಕಾದವರಿಗೇನ್ ಗೊತ್ತು ಕಥಿ? ನಮ್ಮ ಅಣ್ಣಾರು ಹೇಳಿದ್ದ ಖರೆ. ಗದಗಿಗೆ ಬಂದ ದಿನ ಚಪ್ಪಲಿ ಒಗದು ಕಳಸೂಣು." ಎಲ್ಲರೂ ಹೌದೆಂದರು. ಒಬ್ಬನಿಗೂ, ಇಷ್ಟು ವರ್ಷ ನಮಗೆ ಸುಳ್ಳು ಹೇಳಿದೆಯಾ ಎಂದು ಅಣ್ಣನನ್ನು ಕೇಳಬೇಕು ಅನಿಸಲಿಲ್ಲ. ಅಷ್ಟು ನಂಬಿದ್ದರು.

ಅಣ್ಣ ಕೇಳಿದ್ದು ಒಂದೇ ಮಾತು. "ತಮ್ಮ ಒಳಗ ಅದಾನಂತ ಅವಗ ಗೊತ್ತಿತ್ತೇನು?"

"ಅದನ್ನ ಹೇಳೂದ ಇಲ್ಲ ಅಣ್ಣಾರ. ಬಾಗಲಾ ಹಾಕ್ತಾನ, ಆತು."

ಅಣ್ಣ ಎದ್ದು ಒಳಗೆ ಹೋದ. ಬಿಲ್ಲಿನ ಸದ್ದು ಶುರುವಾಯಿತು, ಆದರೆ ಮುಂದೆ ಹತ್ತಿಯೇ ಇರಲಿಲ್ಲ. ಖಾಲಿ ನರಕ್ಕೆ ಹೊಡೆಯುತ್ತಿದ್ದ.

ಗದಗಿಗೆ ಸಿನಿಮಾ ಬಂದ ದಿನ ಹೋಗುವುದು ಬೇಡ ಎಂದು ಅವ್ವನಿಗೆ ನಾನೂ ಹೇಳಿದೆ. ಚೆನ್ನಾಗಿಲ್ಲವಂತೆ ಎಂದೆ. "ನಿಮಗ ಚೊಲೋ ಅನಸದಿದ್ರ ಬ್ಯಾಡ. ನನಗ ಆ ಸಣ್ಣಾಂವನ್ನ ನೋಡೂದೈತಿ," ಎಂದು ಹೊಸ ಸೀರೆ ಉಟ್ಟು ಕುಳಿತಳು. ಅಣ್ಣ ಬರುವುದಿಲ್ಲ ಎಂದವನು, ನಾವು ಓಣಿ ತಿರುಗುವಷ್ಟರಲ್ಲಿ ಹಿಂದಿನಿಂದ ಬಂದು ಕೂಡಿಕೊಂಡ.

ಮಧ್ಯಾಹ್ನದ ಆಟ. ಟಾಕೀಸು ತುಂಬಿತ್ತು. ಮುಂಡರಗಿ, ಶಿರಹಟ್ಟಿ ಕಡೆಯಿಂದಲೂ ಹುಡುಗರು ಬಂದಿದ್ದರು. ಮೊದಲರ್ಧ ಅವ್ವ ಮಗುವಿನಂತೆ ನೋಡಿದಳು. ಕಪ್ತಾನನ ತಮ್ಮ ಪರದೆಯ ಮೇಲೆ ಬಂದಾಗಲೆಲ್ಲ ನನ್ನ ಕೈ ಒತ್ತುತ್ತಿದ್ದಳು. ಅವನು ತನ್ನ ಅಣ್ಣನ ಹಿಂದೆ ನಗುತ್ತ ಓಡಿದಾಗ, "ನಮ್ಮಾಂವನಂಗ ಅದಾನ," ಎಂದಳು. ನನಗೆ ಎದ್ದು ಓಡಿ ಹೋಗಬೇಕು ಅನಿಸಿತು.

ಬೆಂಕಿ ಬಿತ್ತು. ಕಪ್ತಾನ ಓಡಿದ. ಬಾಗಿಲು ಹಾಕಿದ. ಟಾಕೀಸಿನಲ್ಲಿ ಗದ್ದಲವೆದ್ದಿತು. "ತಗೀ ಲೇ ಬಾಗಲಾ!" ಎಂದು ಮುಂದಿನ ಸಾಲಿನಿಂದ ಯಾರೋ ಕೂಗಿದ. ಆಮೇಲೆ ಎಲ್ಲರೂ ಕೂಗಿದರು, "ತಗೀ! ತಗೀ!" ಚಪ್ಪಲಿಗಳು ಹಾರಿ ಪರದೆಗೆ ಬಡಿದವು. ಹಿರೇಹಂದಿಗೋಳದವನು ಬೆಂಚಿನ ಮೇಲೆ ನಿಂತು ಅಳುತ್ತಿದ್ದ. ಮೀಸೆ ಬಂದ ಗಂಡಸು, ಮೂಗು ಒರೆಸಿಕೊಳ್ಳುತ್ತ ಅಳುತ್ತಿದ್ದ. ಅವ್ವ ಮಾತ್ರ ಅಲುಗಾಡದೆ ಕುಳಿತಿದ್ದಳು. ಅಣ್ಣನ ಕಡೆ ನೋಡಿದೆ. ಅವನು ಪರದೆ ನೋಡುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಮುಂದೆ ಚಾಚಿ, ಇಲ್ಲದ ಯಾವುದನ್ನೋ ದೂಡುತ್ತಿರುವವನ ಹಾಗೆ ಹಿಡಿದುಕೊಂಡಿದ್ದ.

ಮನೆಗೆ ನಡೆದೇ ಬಂದೆವು. ಅವ್ವ ಸೀರೆ ಬದಲಿಸಿ, ಒಲೆ ಹೊತ್ತಿಸಿ, ಜೋಳದ ಹಿಟ್ಟು ಕಲಸಲು ಕುಳಿತಳು. ಅಣ್ಣ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತ. ನಾನು ಚಹಾಕ್ಕೆ ನೀರಿಟ್ಟೆ.

ಅವ್ವ ಹಿಟ್ಟು ನಾದುತ್ತಲೇ ಕೇಳಿದಳು: "ನೀ ಶಾಣ್ಯಾ ಇದ್ದೀ, ಹೇಳು. ಬಾಗಲಾ ಯಾಕ ಹಾಕಿದ ಆಂವ? ಒಂದೀಟು ಒಳಗ ನೋಡಿ ಹಾಕಬಾರದಾಗಿತ್ತೇನು?"

"ಹತ್ತಿಗೆ ಬೆಂಕಿ ಬಿದ್ರ ಮೊದಲ ಬಾಗಲಾ ಹಾಕಬೇಕಲ್ಲ ಯವ್ವಾ," ಎಂದ ಅಣ್ಣ.

ಸಿನಿಮಾದಲ್ಲಿ ಹತ್ತಿ ಇರಲಿಲ್ಲ. ಕಬ್ಬಿಣದ ಹಡಗು, ಕಬ್ಬಿಣದ ಬಾಗಿಲು. ನನಗೆ ಅದು ಹೊಳೆಯುವ ಮೊದಲೇ ಅವ್ವನಿಗೆ ಹೊಳೆದಿತ್ತು. ಹಿಟ್ಟಿನಲ್ಲಿ ಅವಳ ಕೈ ನಿಂತಿತು. ಅಣ್ಣನಿಗೂ ತಾನು ಆಡಿದ ಮಾತು ಕೇಳಿಸಿತು. ಅವನು ಬಾಯಿ ಮುಚ್ಚಿಕೊಳ್ಳಲಿಲ್ಲ, ಮಾತು ತಿರುಗಿಸಲೂ ಇಲ್ಲ. ಹೇಳುತ್ತ ಹೋದ. ಮುಂಬೈಯ ಗಾದಿ ಅಂಗಡಿಯ ಹಿಂದಿನ ಹತ್ತಿಯ ಕೋಣೆ. ಸಂಜೆಯ ಹೊತ್ತು. ತಂತಿಯಿಂದ ಕಿಡಿ ಬಿತ್ತು. ಅಂಗಡಿಯ ಮುಂಭಾಗದ ಕೆಲಸಗಾರರೆಲ್ಲ ದಿಕ್ಕು ತಪ್ಪಿ ನಿಂತಿದ್ದಾಗ ಇವನೊಬ್ಬನೇ ಓಡಿ ಹೋಗಿ, ಅಪ್ಪ ಕಲಿಸಿದ ಹಾಗೆ ಬಾಗಿಲು ಎಳೆದು ಚಿಲಕ ಹಾಕಿದ. ಅಕ್ಕಪಕ್ಕದ ಅಂಗಡಿಗಳು ಉಳಿದವು. ಮಾಲಕ ಬೆನ್ನು ತಟ್ಟಿದ. ಆಮೇಲೆ ತಮ್ಮನನ್ನು ಹುಡುಕಿದರು. ಅವನು ಆ ಕೋಣೆಯೊಳಗೇ ಹತ್ತಿಯ ರಾಶಿಯ ಮೇಲೆ ಮಲಗಿ ನಿದ್ದೆ ಹೋಗಿದ್ದ.

"ಕೂಗಲಿಲ್ಲೇನು?" ಎಂದಳು ಅವ್ವ.

"ಹೊಗಿಯಾಗ ದನಿ ಏಳೂದಿಲ್ಲ ಯವ್ವಾ. ಚಹಾ ಕುಡ್ಯಾಕ ಹೋಗ್ಯಾನಂತ ತಿಳದಿದ್ನಿ. ಚಹಾಕ್ಕ ಹೋಗ್ತೀನಿ ಅಂದಿದ್ದ."

"ಮಣ್ಣು?"

"ಕೊಟ್ಟೀನಿ. ನನ್ನ ಕೈಲೆ ಕೊಟ್ಟೀನಿ."

ಅವ್ವ ಹಿಟ್ಟು ನಾದಿ ಮುಗಿಸಿದಳು, ರೊಟ್ಟಿ ಬಡಿದಳು, ಅಣ್ಣನ ಮುಂದೆ ತಾಟು ಇಡಲು ನನಗೆ ಸನ್ನೆ ಮಾಡಿದಳು. ಅಂದಿನಿಂದ ಅವಳು ಅಣ್ಣನ ಜೊತೆ ಮಾತು ಬಿಟ್ಟಳು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಹೊತ್ತು ಹೊತ್ತಿಗೆ ಊಟ ಹಾಕಿದಳು, ಜ್ವರ ಬಂದರೆ ಕಷಾಯ ಕಾಸಿದಳು, ಎಲ್ಲವನ್ನೂ ನನ್ನ ಕೈಯಿಂದ ಕೊಡಿಸಿದಳು. ನನ್ನ ಮದುವೆಯಾಗಿ ನಾನು ಮುಂಡರಗಿಗೆ ಬಂದ ಮೇಲೆ ತಾಟನ್ನು ನೆಲದ ಮೇಲಿಟ್ಟು ಬಳೆ ಸದ್ದು ಮಾಡುತ್ತಿದ್ದಳಂತೆ, ಅಣ್ಣ ಬಂದು ಉಣ್ಣುತ್ತಿದ್ದನಂತೆ. ನಾನು ಬೇಡಿಕೊಂಡೆ, ಜಗಳಾಡಿದೆ. ನೀನೇನು ಕಲ್ಲೇ ಎಂದೂ ಅಂದೆ. "ಮಾತು ಬರವೊಲ್ದವ್ವ. ಬಂದ್ರ ಆಡ್ತಿದ್ದಿಲ್ಲೇನು?" ಎಂದಳು.

ಒಂದು ಮಾತ್ರ ಬದಲಾಯಿತು. ಬಾಗಿಲು ಹಾಕು ಎಂದು ಅವಳು ಮತ್ತೆಂದೂ ಒದರಲಿಲ್ಲ. ಗಾಳಿಗೆ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಅಡುಗೆಮನೆಯ ಗುಂಡುಕಲ್ಲು ತಂದು ಅದಕ್ಕೆ ಆನಿಸಿ ಇಟ್ಟಳು.

ಟಾಕೀಸಿನಿಂದ ಆ ಸಿನಿಮಾ ಬೇಗನೆ ಎತ್ತಿದರು. ಹುಡುಗರು ಗೆದ್ದೆವೆಂದುಕೊಂಡು, ಹಳೆಯ ಮೂರು ಕ್ಯಾಸೆಟ್ಟು ಮತ್ತೆ ಹಾಕೋಣ, ಅಣ್ಣಾರು ಖರೆ ಕಥೆ ಹೇಳಲಿ ಎಂದು ಬಂದರು. ಅಣ್ಣ ಟಿವಿ ಒಳಗೆ ತರಗೊಡಲಿಲ್ಲ. ಹಿರೇಹಂದಿಗೋಳದವನು ಈಗ ಲಕ್ಷ್ಮೇಶ್ವರದ ಕಡೆ ಮಾಸ್ತರನಾಗಿದ್ದಾನೆ. ಕಂಡಾಗಲೆಲ್ಲ, "ಅಕ್ಕಾರ, ಏನ ಅನ್ರಿ, ಆ ತಮ್ಮ ಸತ್ತಿಲ್ರಿ," ಎನ್ನುತ್ತಾನೆ. ತನ್ನ ಶಾಲೆಯ ಮಕ್ಕಳಿಗೂ ಹಾಗೆಯೇ ಹೇಳಿದ್ದಾನಂತೆ. ನಾನು ಹೂಂ ಎನ್ನುತ್ತೇನೆ. ಅವನಿಗೆ ನಮ್ಮ ತಮ್ಮನ ವಿಷಯ ಗೊತ್ತಿಲ್ಲ.

ತಮ್ಮನ ಗಾದಿಯನ್ನು ಅವ್ವ ಆಮೇಲೆ ಬಿಚ್ಚಿಸಲಿಲ್ಲ. ವರ್ಷಗಳು ಕಳೆದು ಹತ್ತಿ ಕಲ್ಲಾಯಿತು. ಅವಳು ಹಾಸಿಗೆ ಹಿಡಿದಾಗ ನಾನು ಬೆಟಗೇರಿಗೆ ಹೋಗಿ ಅವಳ ಹತ್ತಿರ ಉಳಿದೆ. ಒಂದು ಬೆಳಗ್ಗೆ ನನ್ನನ್ನು ಹತ್ತಿರ ಕರೆದಳು. ನಮ್ಮಲ್ಲಿ ಸತ್ತವರ ಮೈ ತೊಳೆದು ಕಫನ್ ಸುತ್ತುವಾಗ ಹತ್ತಿ ಬೇಕಾಗುತ್ತದೆ. ಆ ಮಾತು ಎತ್ತಿದಳು. "ಪ್ಯಾಟಿಯಿಂದ ತರಬ್ಯಾಡ್ರಿ. ಮೂಲ್ಯಾಗಿನ ಗಾದಿ ಬಿಚ್ಚು. ಒಂದು ಹಿಡಿ ಸಾಕು. ಅವನೇ ಹಿಂಜಲಿ."

ಅಣ್ಣ ಹೊಸ್ತಿಲಲ್ಲೇ ಇದ್ದ, ಕೇಳಿಸಿಕೊಂಡ. ಅವಳು ಅವನ ಕಡೆ ನೋಡಲಿಲ್ಲ.

ಅವಳು ತೀರಿಕೊಂಡ ದಿನ ನಾನು ಹೊಲಿಗೆ ಬಿಚ್ಚಿದೆ. ಅಣ್ಣ ಬಿಲ್ಲು ಇಳಿಸಿ ಕುಳಿತ. ಒಂದು ಹಿಡಿಗೆ ನಿಲ್ಲಿಸಲಿಲ್ಲ, ಇಡೀ ಗಾದಿಯನ್ನು ಹಿಂಜಿದ. ನಡುಮನೆಯಲ್ಲಿ ಅವ್ವನನ್ನು ಮಲಗಿಸಿತ್ತು, ಹೆಂಗಸರು ಬಂದು ಕೂಡುತ್ತಿದ್ದರು, ಗಾಳಿ ಜೋರಾಗಿತ್ತು. ಹತ್ತಿ ಹಾರಿ ಹಾರಿ ಬಂದವರ ತಲೆಯ ಮೇಲೆ, ಅವ್ವನ ಮುಖದ ಮೇಲೆ ಬೀಳತೊಡಗಿತು. ಯಾರೋ ಒಬ್ಬಾಕೆ ಎದ್ದು, "ಬಾಗಲಾರ ಹಾಕ್ರೆವ್ವಾ," ಎಂದು ಗುಂಡುಕಲ್ಲಿಗೆ ಕೈ ಹಾಕಿದಳು.

"ಇರ್ಲಿ ಬಿಡ್ರಿ," ಎಂದೆ.